ಶರೀಫರ ತತ್ವಪದಕ್ಕೆ ರಾಕ್ ಗಿಟಾರು: ಒಂದು ಆಲ್ಬಂನ ಹಿಂದುಮುಂದು

ತೆಕ್ಕಟ್ಟೆ ಪೇಟೆಯ ಹೋಟೆಲೊಂದರಲ್ಲಿ ಕಳೆದ ಮಳೆಗಾಲದಲ್ಲಿ ನಡೆದ ಸಣ್ಣದೊಂದು ವಾಗ್ವಾದ ಈ ಲೇಖನಕ್ಕೆ ನಿಮಿತ್ತ. ಹೊರಗೆ ಹೆದ್ದಾರಿಯ ಮೇಲೆ ಮಳೆ ಹೊಡೆಯುತ್ತಿತ್ತು. ಕಾಲೇಜು ಬಿಟ್ಟು ಬಂದ ಹುಡುಗನೊಬ್ಬ ಮೊಬೈಲಿನಲ್ಲಿ ‘ಸೋರುತಿಹುದು ಮನೆಯ ಮಾಳಿಗಿ’ ಹಾಕಿಕೊಂಡು ಚಹಾ ಕುಡಿಯುತ್ತಿದ್ದ. ಹಾಡುತ್ತಿದ್ದವರು ರಘು ದೀಕ್ಷಿತ್. ಹಿನ್ನೆಲೆಯಲ್ಲಿ ಗಿಟಾರು, ಡ್ರಮ್. ಪಕ್ಕದ ಮೇಜಿನಲ್ಲಿದ್ದ ಹಿರಿಯರೊಬ್ಬರು, ಒಂದು ಕಾಲದಲ್ಲಿ ಊರಿನ ಭಜನಾ ಮಂಡಳಿಯಲ್ಲಿ ತಾಳ ಹಿಡಿದವರು, ತಡೆಯಲಾಗದೆ ಕೇಳಿಯೇಬಿಟ್ಟರು. “ಶರೀಫಜ್ಜನ ಪದಕ್ಕೆ ಇದೆಂತ ಅವಸ್ಥೆ ಮರಾಯ? ಅಶ್ವತ್ಥರು ಹಾಡಿದ್ ಕೇಂಡಿದ್ಯಾ?” ಹುಡುಗ ವಿನಯದಿಂದಲೇ ಉತ್ತರಿಸಿದ: “ಕೇಂಡಿದೆ ಅಜ್ಜಯ್ಯ. ಅದ್ ಅವ್ರ್ದ್, ಇದ್ ಇವ್ರ್ದ್.” ಅದಕ್ಕೆ ಹಿರಿಯರು, “ಹಂಗಾರೆ ಶರೀಫಜ್ಜಂದ್ ಅಂದೇಳಿ ಎಂತ ಉಳಿತ್?” ಎಂದರು.

ಹುಡುಗನ ಬಳಿ ಉತ್ತರವಿರಲಿಲ್ಲ. ಪ್ರಶ್ನೆ ಮಾತ್ರ ಕ್ಷುಲ್ಲಕವಾದುದಲ್ಲ. ಸುಮಾರು ಒಂದೂವರೆ ಶತಮಾನದ ಹಿಂದೆ ಹಾವೇರಿ ಸೀಮೆಯಲ್ಲಿ ಹುಟ್ಟಿದ ಪದವೊಂದು ಭಜನೆಯ ಜಗಲಿಯಿಂದ ಧ್ವನಿಸುರುಳಿಗೆ, ಅಲ್ಲಿಂದ ಚಲನಚಿತ್ರಕ್ಕೆ, ಕೊನೆಗೆ ಅಮೆರಿಕದಲ್ಲಿ ಬೆಳೆದ ಒಂದು ಸಂಗೀತ ಪ್ರಕಾರದ ಅಚ್ಚಿನಲ್ಲಿ ತಯಾರಾದ ಆಲ್ಬಂಗೆ ಬಂದು ಸೇರಿದೆ. ಆ ಆಲ್ಬಂ 2008ರಲ್ಲಿ ಹೊರಬಂದ ‘ರಘು ದೀಕ್ಷಿತ್’. ಅದನ್ನು ಸ್ಟುಡಿಯೋ ಆಲ್ಬಂ ಎನ್ನುತ್ತಾರೆ. ಹಾಗೆಂದರೇನು, ‘ಆಲ್ಟರ್ನೇಟಿವ್ ರಾಕ್’ ಎಂಬ ಹೆಸರು ಎಲ್ಲಿಂದ ಬಂತು, ಇವೆರಡಕ್ಕೂ ಶಿಶುನಾಳಕ್ಕೂ ಎತ್ತಣಿಂದೆತ್ತ ಸಂಬಂಧ ಎಂಬುದನ್ನು ತುಸು ಬಿಡಿಸಿ ನೋಡಬೇಕಾಗಿದೆ.

ಮೂರು ನಿಮಿಷದಿಂದ ಮುಕ್ಕಾಲು ಗಂಟೆಗೆ

‘ಆಲ್ಬಂ’ ಎಂಬ ಶಬ್ದ ನಮಗೆ ಮದುವೆಯ ಭಾವಚಿತ್ರಗಳ ಪುಸ್ತಕದಿಂದ ಪರಿಚಿತ. ಸಂಗೀತಕ್ಕೂ ಆ ಹೆಸರು ಹೆಚ್ಚುಕಡಿಮೆ ಅದೇ ದಾರಿಯಲ್ಲಿ ಬಂದಿದೆ. ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದ ಹಳೆಯ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಲ್ಲಿ ಮೂರು, ಹೆಚ್ಚೆಂದರೆ ನಾಲ್ಕು ನಿಮಿಷಗಳ ಸಂಗೀತ ಹಿಡಿಸುತ್ತಿತ್ತು. ದೊಡ್ಡ ಕೃತಿಯೊಂದನ್ನು ಮಾರಬೇಕಾದರೆ ನಾಲ್ಕಾರು ತಟ್ಟೆಗಳನ್ನು ದಪ್ಪ ರಟ್ಟಿನ ಪುಸ್ತಕದ ಜೇಬುಗಳಲ್ಲಿ ಇಟ್ಟು ಕೊಡುತ್ತಿದ್ದರು. ನೋಡಲು ಭಾವಚಿತ್ರದ ಆಲ್ಬಂನಂತೆಯೇ ಇದ್ದುದರಿಂದ ಹೆಸರೂ ಅದೇ ಉಳಿಯಿತು.

ಈ ಮೂರು ನಿಮಿಷದ ಕಟ್ಟು ನಮ್ಮ ಸಂಗೀತವನ್ನು ಎಷ್ಟು ಬಿಗಿಯಿತೆಂಬುದಕ್ಕೆ ಗೌಹರ್ ಜಾನ್ ಉದಾಹರಣೆ. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಮುಂದೆ ಹಾಡಿದ ಆಕೆ, ಗಂಟೆಗಟ್ಟಲೆ ವಿಸ್ತರಿಸಬಹುದಾದ ರಾಗವನ್ನು ಮೂರು ನಿಮಿಷಕ್ಕೆ ಇಳಿಸಿ, ಕೊನೆಯಲ್ಲಿ ತನ್ನ ಹೆಸರನ್ನು ತಾನೇ ಘೋಷಿಸುತ್ತಿದ್ದಳು. ಪ್ರಾಸಂಗಿಕವಾಗಿ ಹೇಳುವುದಾದರೆ, ಆ ಮಹಾಗಾಯಕಿ ಕೊನೆಯ ದಿನಗಳನ್ನು ಕಳೆದದ್ದು ನಮ್ಮ ಮೈಸೂರಿನಲ್ಲಿ. ಅರಮನೆಯ ಆಶ್ರಯದಲ್ಲಿದ್ದು 1930ರಲ್ಲಿ ಅಲ್ಲಿಯೇ ತೀರಿಕೊಂಡಳು.

1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ನಿಧಾನವಾಗಿ ತಿರುಗುವ ದೀರ್ಘಾವಧಿಯ ತಟ್ಟೆಯನ್ನು ಮಾರುಕಟ್ಟೆಗೆ ತಂದಿತು. ಒಂದೊಂದು ಮಗ್ಗುಲಲ್ಲಿ ಇಪ್ಪತ್ತು ನಿಮಿಷಕ್ಕೂ ಮಿಕ್ಕಿ ಸಂಗೀತ ಸೇರತೊಡಗಿತು. ಆಗಲೇ ಹತ್ತು ಹಾಡುಗಳನ್ನು ಒಂದು ಕ್ರಮದಲ್ಲಿ ಜೋಡಿಸಿ, ಒಂದಕ್ಕೊಂದು ಹೊಂದುವಂತೆ, ಒಂದೇ ಕೃತಿ ಎಂಬಂತೆ ಕೇಳುಗರ ಮುಂದಿಡುವ ಪದ್ಧತಿ ಬೇರೂರಿತು. ಕವಿಯ ಬಿಡಿ ಕವಿತೆಗೂ ಕವನ ಸಂಕಲನಕ್ಕೂ ಇರುವ ವ್ಯತ್ಯಾಸವೇ ಬಿಡಿ ಹಾಡಿಗೂ ಆಲ್ಬಂಗೂ ಇರುವುದು.

ಇನ್ನು ‘ಸ್ಟುಡಿಯೋ’ ಎಂಬ ವಿಶೇಷಣ. ಕಛೇರಿಯನ್ನೋ ಆಟವನ್ನೋ ನಡೆಯುತ್ತಿರುವಂತೆಯೇ ಮುದ್ರಿಸಿದರೆ ಅದು ಸ್ಟುಡಿಯೋ ಆಲ್ಬಂ ಆಗದು. ಸ್ಟುಡಿಯೋದಲ್ಲಿ ಪ್ರತಿಯೊಂದು ವಾದ್ಯವನ್ನೂ ಪ್ರತ್ಯೇಕ ಪಥದಲ್ಲಿ ಮುದ್ರಿಸುತ್ತಾರೆ. ಡ್ರಮ್ ನುಡಿಸಿದವನು ಸೋಮವಾರ ಬಂದು ಹೋಗಿರಬಹುದು, ಪಿಟೀಲಿನವನು ಶುಕ್ರವಾರ ಬಂದಿರಬಹುದು. ಕಿವಿಗೆ ಹಾಕಿಕೊಂಡ ಹೆಡ್‌ಫೋನಿನಲ್ಲಿ ಹಿಂದಿನವನ ನುಡಿತ ಕೇಳಿಸಿಕೊಳ್ಳುತ್ತಾ ಇವನು ನುಡಿಸುತ್ತಾನೆ. ಬಳಿಕ ಧ್ವನಿತಂತ್ರಜ್ಞರು ಎಲ್ಲವನ್ನೂ ಬೇಕಾದ ಪ್ರಮಾಣದಲ್ಲಿ ಬೆರೆಸುತ್ತಾರೆ. ಯಕ್ಷಗಾನದ ಮದ್ದಲೆಗಾರ ರಂಗಸ್ಥಳದಲ್ಲಿ ವೇಷಧಾರಿಯ ಕಾಲನ್ನು ನೋಡುತ್ತಾ ಬಾರಿಸುವವನು. ಸ್ಟುಡಿಯೋದಲ್ಲಿ ಅವನಿಗೆ ನೋಡಲು ಕಾಲೇ ಇಲ್ಲ. ಇಡೀ ರಾತ್ರಿಯ ಪ್ರಸಂಗವನ್ನು ಅರುವತ್ತು, ತೊಂಬತ್ತು ನಿಮಿಷಗಳ ಧ್ವನಿಸುರುಳಿಗೆ ಇಳಿಸಿದ ಎಂಬತ್ತರ, ತೊಂಬತ್ತರ ದಶಕಗಳ ಕಲಾವಿದರು ಈ ಕಷ್ಟವನ್ನು ಚೆನ್ನಾಗಿ ಬಲ್ಲರು. ಪದ್ಯ ಅರ್ಧಕ್ಕೆ ಬರುವಾಗ ಸುರುಳಿಯ ಮಗ್ಗುಲು ಮುಗಿದು ‘ಟಕ್’ ಎಂದು ಗುಂಡಿ ಮೇಲೆದ್ದುದು ನಮ್ಮಲ್ಲಿ ಹಲವರ ನೆನಪಿನಲ್ಲಿ ಇನ್ನೂ ಇದ್ದೀತು. 1990ರಲ್ಲಿ ಮೂವತ್ತೆರಡನೆಯ ಹರೆಯಕ್ಕೆ ಅಗಲಿದ ಗುಂಡ್ಮಿ ಕಾಳಿಂಗ ನಾವಡರ ಕಂಠ ಅವರನ್ನು ರಂಗಸ್ಥಳದಲ್ಲಿ ಕಾಣದ ತಲೆಮಾರಿಗೂ ತಲುಪಿದ್ದು ಇಂತಹ ಸುರುಳಿಗಳಿಂದಲೇ.

ಆಲ್ಟರ್ನೇಟಿವ್ ಎಂದರೆ ಯಾವುದಕ್ಕೆ ಪರ್ಯಾಯ?

ಅಮೆರಿಕದಲ್ಲಿ ಎಂಬತ್ತರ ದಶಕದ ಆರಂಭದ ಹೊತ್ತಿಗೆ ರಾಕ್ ಸಂಗೀತ ದೊಡ್ಡ ಕಂಪನಿಗಳ, ದೊಡ್ಡ ಕ್ರೀಡಾಂಗಣಗಳ, ಟಿವಿ ಚಿತ್ರಿಕೆಗಳ ವ್ಯವಹಾರವಾಗಿ ಬೆಳೆದಿತ್ತು. ಅದರ ಹೊರಗೆ, ಸಣ್ಣ ವಿಶ್ವವಿದ್ಯಾಲಯ ಪಟ್ಟಣಗಳಲ್ಲಿ, ವಿದ್ಯಾರ್ಥಿಗಳೇ ನಡೆಸುತ್ತಿದ್ದ ಕಾಲೇಜು ರೇಡಿಯೋಗಳ ಬೆಂಬಲದಿಂದ, ಸಣ್ಣ ಸ್ವತಂತ್ರ ಕಂಪನಿಗಳ ಮೂಲಕ ಬೇರೊಂದು ಬಗೆಯ ಸಂಗೀತ ಹಬ್ಬುತ್ತಿತ್ತು. ಅದಕ್ಕೇ ಮುಂದೆ ‘ಆಲ್ಟರ್ನೇಟಿವ್’ ಎಂಬ ಹೆಸರು ಗಟ್ಟಿಯಾಯಿತು. ಜಾರ್ಜಿಯಾ ರಾಜ್ಯದ ಏಥೆನ್ಸ್ ಎಂಬ ಊರಿನ ಆರ್.ಇ.ಎಂ. ತಂಡದ ‘ಮರ್ಮರ್’ (1983) ಇದರ ಮೊದಲ ಮುಖ್ಯ ಆಲ್ಬಂಗಳಲ್ಲಿ ಒಂದು. ಅದರ ಗಾಯಕ ಮೈಕೆಲ್ ಸ್ಟೈಪ್ ಏನು ಹಾಡುತ್ತಾನೆಂಬುದು ಇಂಗ್ಲಿಷ್ ಮಾತೃಭಾಷೆಯವರಿಗೂ ಪೂರ್ತಿ ತಿಳಿಯದು. ಮಾತು ಸ್ವರದೊಳಗೆ ಮುಳುಗಿರುತ್ತದೆ. ಆದರೂ ‘ರೋಲಿಂಗ್ ಸ್ಟೋನ್’ ಪತ್ರಿಕೆಯ ವಿಮರ್ಶಕರು ಆ ವರ್ಷದ ಶ್ರೇಷ್ಠ ಆಲ್ಬಂ ಎಂದು ಅದನ್ನೇ ಆರಿಸಿದರು. ಪದ್ಯದ ಅರ್ಧ ಶಬ್ದಗಳು ಕೇಳಿಸದಿದ್ದರೂ ಭಾಗವತರ ಏರುಶ್ರುತಿಗೆ ಮೈ ಜುಮ್ಮೆನ್ನಿಸಿಕೊಳ್ಳುವ ನಮಗೆ ಇದರಲ್ಲಿ ಆಶ್ಚರ್ಯವೇನೂ ಕಾಣಬೇಕಾಗಿಲ್ಲ.

ಈ ಬದಿಯ ಹಾದಿ ಮುಖ್ಯರಸ್ತೆಗೆ ಬಂದು ಕೂಡಿದ್ದು 1991ರಲ್ಲಿ, ನಿರ್ವಾಣ ಎಂಬ ತಂಡದ ‘ನೆವರ್‌ಮೈಂಡ್’ ಆಲ್ಬಂನೊಂದಿಗೆ. (ತಂಡದ ಹೆಸರು ನಮ್ಮ ನಿರ್ವಾಣವೇ, ಸಂಗೀತದಲ್ಲಿ ಮಾತ್ರ ಶಾಂತಿಯ ಸುಳಿವು ಕಡಿಮೆ.) ವಾಷಿಂಗ್ಟನ್ ರಾಜ್ಯದ ಮೂವರು ಯುವಕರು, ಹಾಡುಗಾರ ಕರ್ಟ್ ಕೋಬೈನ್. ಅಮೆರಿಕದ ಅಂಗಡಿಗಳಿಗೆ ಕಂಪನಿ ಮೊದಲು ಕಳುಹಿಸಿದ್ದು ಸುಮಾರು 46 ಸಾವಿರ ಪ್ರತಿಗಳನ್ನು. ಅಷ್ಟು ಖರ್ಚಾದರೆ ಸಾಕು ಎಂಬ ಲೆಕ್ಕ. ಸೆಪ್ಟೆಂಬರಿನಲ್ಲಿ ಬಿಡುಗಡೆಯಾದ ಅದು 1992ರ ಜನವರಿಯಲ್ಲಿ ಮೈಕೆಲ್ ಜಾಕ್ಸನ್‌ನ ‘ಡೇಂಜರಸ್’ ಆಲ್ಬಂ ಅನ್ನು ಕೆಳಗಿಳಿಸಿ ಮಾರಾಟದ ಪಟ್ಟಿಯ ಮೊದಲ ಸ್ಥಾನಕ್ಕೇರಿತು.

ಈ ಸಂಗೀತದ ಗುಟ್ಟು ಬಹುಮಟ್ಟಿಗೆ ಒಂದೇ: ಮೆಲ್ಲಗೆ, ಆಮೇಲೆ ಸ್ಫೋಟ. ಚರಣದಲ್ಲಿ ಗಿಟಾರಿನ ಒಂದೆರಡು ತಂತಿ ಮಾತ್ರ ಗುನುಗುತ್ತಿರುತ್ತದೆ. ಪಲ್ಲವಿಗೆ ಬರುತ್ತಿದ್ದಂತೆ ಡ್ರಮ್ಮು, ಗಿಟಾರು, ಕೂಗು ಎಲ್ಲ ಒಟ್ಟಿಗೆ ಮೇಲೆರಗುತ್ತವೆ. ಇದು ನಮಗೆ ಪರಕೀಯವೆನಿಸಬಾರದು. ಬಡಗುತಿಟ್ಟಿನ ಆಟದಲ್ಲಿ ಕರುಣರಸದ ಪದ್ಯಕ್ಕೆ ಮದ್ದಲೆಯೊಂದೇ ಸಾಕಾಗಿ, ಚಂಡೆ ಮೂಲೆಯಲ್ಲಿ ಸುಮ್ಮನಿರುತ್ತದೆ. ಯುದ್ಧದ ಪದ್ಯಕ್ಕೆ ಭಾಗವತರು ಶ್ರುತಿ ಏರಿಸಿದ ಮರುಕ್ಷಣ ಚಂಡೆಯ ಕೋಲು ಬೀಳುತ್ತದೆ. ತೂಕಡಿಸುತ್ತಿದ್ದವನೂ ಎದ್ದು ಕೂರುತ್ತಾನೆ. ಚಂಡೆ ರಾತ್ರಿಯಿಡೀ ಬಾರಿಸಿದ್ದರೆ ಆ ಕ್ಷಣಕ್ಕೆ ಬೆಲೆಯೇ ಇರುತ್ತಿರಲಿಲ್ಲ. ನಿರ್ವಾಣ ತಂಡಕ್ಕೂ ಸುಮ್ಮನಿರುವುದರ ಬೆಲೆ ಗೊತ್ತಿತ್ತು.

ಈ ಆಲ್ಬಂನ ಸ್ಟುಡಿಯೋ ಕಥೆಯೂ ನಮ್ಮ ವಿಷಯಕ್ಕೆ ಬೇಕಾದುದೇ. ನಿರ್ಮಾಪಕ ಬುಚ್ ವಿಗ್ ಕೋಬೈನ್‌ನ ದನಿಯನ್ನು ಎರಡು ಸಲ ಮುದ್ರಿಸಿ ಒಂದರ ಮೇಲೊಂದು ಇಡಬೇಕೆಂದ. ಕೋಬೈನ್ ಒಪ್ಪಲಿಲ್ಲ, ಅದು ಕಪಟ ಎಂಬುದು ಅವನ ಭಾವನೆ. ಬೀಟಲ್ಸ್ ತಂಡದ ಜಾನ್ ಲೆನನ್ ಕೂಡ ಹೀಗೆಯೇ ಮಾಡುತ್ತಿದ್ದನೆಂದು ಹೇಳಿದ ಮೇಲೆ ಒಪ್ಪಿದ. ಆಲ್ಬಂ ಕೋಟಿಗಟ್ಟಲೆ ಜನರನ್ನು ತಲುಪಿದ ಮೇಲೆ, ಅದು ಅತಿಯಾಗಿ ನುಣುಪಾಯಿತು ಎಂದು ಅವನೇ ಕೊರಗಿದ. ಮುಂದಿನ ‘ಇನ್ ಯೂಟೆರೊ’ (1993) ಆಲ್ಬಂ ಅನ್ನು ಬೇಕೆಂದೇ ಒರಟಾಗಿ, ಸ್ಟೀವ್ ಆಲ್ಬಿನಿ ಎಂಬ ತಂತ್ರಜ್ಞನ ಜತೆ ಎರಡೇ ವಾರಗಳಲ್ಲಿ ಮುದ್ರಿಸಿ ಮುಗಿಸಿದ. 1994ರ ಏಪ್ರಿಲ್‌ನಲ್ಲಿ ಅವನು ಆತ್ಮಹತ್ಯೆ ಮಾಡಿಕೊಂಡಾಗ ವಯಸ್ಸು 27. ಜನರನ್ನು ತಲುಪಬೇಕಾದರೆ ನಯಗೊಳಿಸಬೇಕು. ನಯಗೊಳಿಸಿದರೆ ತನ್ನದೆಂಬುದು ಸವೆದುಹೋಗುತ್ತದೆ. ಈ ತೊಡಕು ಅವನನ್ನು ಬಿಡಲಿಲ್ಲ. ತೆಕ್ಕಟ್ಟೆಯ ಹೋಟೆಲಿನಲ್ಲಿ ಹಿರಿಯರು ಎತ್ತಿದ ತಕರಾರಿನ ಬೇರೂ ಇಲ್ಲಿಯೇ ಇದೆ ಎಂದು ನನಗನ್ನಿಸುತ್ತದೆ.

ಮೈಸೂರಿನ ಹುಡುಗ, ಮುಂಬಯಿಯ ಕಾಯುವಿಕೆ

ಬೆಂಗಳೂರಿಗೆ ರಾಕ್ ಹೊಸತಲ್ಲ. ಎಪ್ಪತ್ತರ ದಶಕದಿಂದಲೂ ಅಲ್ಲಿ ತಂಡಗಳಿದ್ದವು. 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಅರಮನೆ ಮೈದಾನದಲ್ಲಿ ಹಾಡಿದಾಗ ನೆರೆದ ಜನಸ್ತೋಮ ಆ ಊರಿನ ಅಭಿರುಚಿಯನ್ನು ಸಾರಿತು. ಆದರೆ ಅಲ್ಲಿನ ತಂಡಗಳು ಬಹುಕಾಲ ಹಾಡಿದ್ದು ಇಂಗ್ಲಿಷಿನಲ್ಲಿ. ಕನ್ನಡದ ಪದ ಗಿಟಾರಿನೊಂದಿಗೆ ಕೂಡಿದರೆ ಅದು ಕಾಲೇಜು ವಾರ್ಷಿಕೋತ್ಸವದ ತಮಾಷೆ ಎಂಬಂತಿತ್ತು. 1996ರಲ್ಲಿ ಆರಂಭವಾದ ಥರ್ಮಲ್ ಅಂಡ್ ಎ ಕ್ವಾರ್ಟರ್ ತಂಡದವರು ಬೆಂಗಳೂರಿನ ಬದುಕನ್ನೇ ಇಂಗ್ಲಿಷಿನಲ್ಲಿ ಹಾಡಿ ಹೆಸರಾದರು. ಸ್ವರಾತ್ಮ ತಂಡ 2009ರಲ್ಲಿ ತನ್ನ ಮೊದಲ ಆಲ್ಬಂ ತಂದಿತು. ಇವರ ನಡುವೆ ರಘು ದೀಕ್ಷಿತರ ದಾರಿ ಕೊಂಚ ವಕ್ರವಾದುದು.

1974ರಲ್ಲಿ ನಾಸಿಕದಲ್ಲಿ ಹುಟ್ಟಿ, ಮೈಸೂರಿನಲ್ಲಿ ಬೆಳೆದ ಅವರು ಕಲಿತದ್ದು ಭರತನಾಟ್ಯ. ಓದಿದ್ದು ಸೂಕ್ಷ್ಮಜೀವಿಶಾಸ್ತ್ರ, ಅದೂ ಮೈಸೂರು ವಿಶ್ವವಿದ್ಯಾಲಯದ ಚಿನ್ನದ ಪದಕದೊಂದಿಗೆ. ಗಂಡು ಹುಡುಗ ನೃತ್ಯ ಮಾಡುವುದನ್ನು ಸಹಪಾಠಿಯೊಬ್ಬ ಹಂಗಿಸಿದ್ದಕ್ಕೆ ಪಂಥ ಕಟ್ಟಿ ಗಿಟಾರು ಹಿಡಿದೆನೆಂದು ಅವರೇ ಹೇಳಿಕೊಂಡಿದ್ದಾರೆ. ಪಿಟೀಲು ವಿದ್ವಾಂಸ ಎಚ್.ಎನ್. ಭಾಸ್ಕರ್ ಜತೆಗೂಡಿ ಕಟ್ಟಿದ ‘ಅಂತರಾಗ್ನಿ’ ತಂಡದಲ್ಲಿ ಕರ್ನಾಟಕ ಸಂಗೀತದ ಪಿಟೀಲು ಮತ್ತು ಪಾಶ್ಚಾತ್ಯ ಗಿಟಾರಿನ ಜುಗಲ್‌ಬಂದಿ ಇತ್ತು. ನಡುವೆ ಬೆಲ್ಜಿಯಂನಲ್ಲಿ ಔಷಧ ಕಂಪನಿಯೊಂದರ ವಿಜ್ಞಾನಿಯ ನೌಕರಿ. ಅದನ್ನು ಬಿಟ್ಟು ಊರಿಗೆ ಮರಳಿ, ಅಂತರಾಗ್ನಿ ಚದುರಿದ ಬಳಿಕ ಕಟ್ಟಿದ್ದೇ ‘ದಿ ರಘು ದೀಕ್ಷಿತ್ ಪ್ರಾಜೆಕ್ಟ್’. ಖಾಯಂ ತಂಡವೆನ್ನದೆ ‘ಪ್ರಾಜೆಕ್ಟ್’ ಎಂದದ್ದರಲ್ಲಿ ಅರ್ಥವಿದೆ: ಬಂದವರು ನುಡಿಸಬಹುದು, ಹೋಗಬೇಕಾದವರು ಹೋಗಬಹುದು.

ಧ್ವನಿಮುದ್ರಣ ಕಂಪನಿಗಳ ಬಾಗಿಲು ಸುಲಭಕ್ಕೆ ತೆರೆಯಲಿಲ್ಲ. ಕನ್ನಡ, ಹಿಂದಿ, ಇಂಗ್ಲಿಷ್ ಮೂರೂ ಇರುವ ಆಲ್ಬಂ ಅನ್ನು ಯಾವ ಕಪಾಟಿನಲ್ಲಿ ಇಡುವುದು? ಅಂಗಡಿಯಲ್ಲಿ ಕನ್ನಡಕ್ಕೊಂದು ಸಾಲು, ಹಿಂದಿಗೊಂದು ಸಾಲು ಇರುತ್ತಿದ್ದ ಕಾಲವದು. ಸಿನಿಮಾ ಬಿಟ್ಟರೆ ಭಕ್ತಿಗೀತೆ, ಭಾವಗೀತೆ, ಜನಪದ ಗೀತೆ, ಇದು ನಾಲ್ಕನೆಯದು. ಮುಂಬಯಿಯಲ್ಲಿ ಪವಾಡಕ್ಕಾಗಿ ಕಾಯುತ್ತಿದ್ದೇನೆ ಎಂಬರ್ಥದ ಹಾಡೊಂದು ಆಲ್ಬಂನಲ್ಲೇ ಸೇರಿಕೊಂಡಿದೆ. ಅಂತೂ ಹಿಂದಿ ಚಿತ್ರರಂಗದ ಸಂಗೀತ ನಿರ್ದೇಶಕ ಜೋಡಿ ವಿಶಾಲ್–ಶೇಖರ್ ಇವರ ಹಾಡು ಕೇಳಿ ಮೆಚ್ಚಿ, ತಮ್ಮ ಕೌಂಟರ್ ಕಲ್ಚರ್ ರೆಕಾರ್ಡ್ಸ್ ಸಂಸ್ಥೆಯಿಂದ 2008ರಲ್ಲಿ ಆಲ್ಬಂ ಹೊರತಂದರು. ಅದೇ ವರ್ಷ ‘ಸೈಕೋ’ ಕನ್ನಡ ಚಿತ್ರಕ್ಕೆ ರಘು ಸಂಗೀತ ನೀಡಿದರು. ಮಾದೇಶ್ವರನ ಪೂಜೆಯ ಹಾಡು ಅವರನ್ನು ಹಳ್ಳಿಹಳ್ಳಿಗೆ ಮುಟ್ಟಿಸಿತು. ಕನ್ನಡದಲ್ಲಿ ಇಂದಿಗೂ ಆಲ್ಬಂಗಿಂತ ಚಿತ್ರಗೀತೆಯ ಕಾಲು ಉದ್ದ ಎಂಬುದಕ್ಕೆ ಇದೂ ಒಂದು ಪುರಾವೆ.

ಆಲ್ಬಂ ಕೇಳಿದರೆ ಮೊದಲು ಗಮನಕ್ಕೆ ಬರುವುದು ದನಿ. ನಯಗೊಳಿಸಿದ ಭಾವಗೀತೆಯ ಕಂಠವಲ್ಲ ಅದು. ಎದೆ ಬಿರಿದು ಕರೆಯುವ, ಸಂತೆಯಲ್ಲಿ ನಿಂತು ಹಾಡುವವನ ಕಂಠ. ‘ಹೇ ಭಗವಾನ್’ ಬದುಕಿಗೆ ಇನ್ನೊಂದು ಅವಕಾಶ ಕೇಳುವ ಹಾಡು. ‘ಮೈಸೂರ್ ಸೇ ಆಯಿ’ ಹಿಂದಿಯಲ್ಲಿದ್ದರೂ ತಾಳದ ನಡಿಗೆ ಹಳೆ ಮೈಸೂರಿನದೇ. ಇಂಗ್ಲಿಷ್ ಪ್ರೇಮಗೀತೆ, ನಿಸ್ಸಂಕೋಚವಾಗಿ ಹೇಳುವುದಾದರೆ, ನನಗೆ ಸಪ್ಪೆಯೆನಿಸಿತು. ಆಲ್ಬಂನ ಜೀವಾಳ ಇರುವುದು ಶರೀಫರ ಎರಡು ಪದಗಳಲ್ಲಿ: ‘ಗುಡುಗುಡಿಯ ಸೇದಿ ನೋಡೊ’ ಮತ್ತು ‘ಸೋರುತಿಹುದು ಮನೆಯ ಮಾಳಿಗಿ’.

ಮಾಳಿಗೆ ಯಾರದು?

ಶಿಶುನಾಳ ಶರೀಫರು (1819–1889) ಈಗಿನ ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ಶಿಶುನಾಳದವರು. ಕಳಸದ ಗೋವಿಂದ ಭಟ್ಟರ ಶಿಷ್ಯರು. ಮುಸಲ್ಮಾನ ಶಿಷ್ಯ, ಬ್ರಾಹ್ಮಣ ಗುರು ಎಂಬ ಸಂಗತಿ ಬಲ್ಲವರಿಗೆಲ್ಲ ತಿಳಿದದ್ದೇ. ಅವರ ಪದಗಳು ಬಹುಕಾಲ ಬಾಯಿಂದ ಬಾಯಿಗೆ, ಭಜನೆಯಿಂದ ಭಜನೆಗೆ, ಏಕತಾರಿ, ತಾಳ, ದಮ್ಮಡಿಗಳ ಜತೆ ಸಾಗಿಬಂದವು. ಒಂದೊಂದು ಊರಿನಲ್ಲಿ ಒಂದೊಂದು ದಾಟಿ. ಶರೀಫರು ಸ್ವತಃ ಯಾವ ದಾಟಿಯಲ್ಲಿ ಹಾಡಿದರೆಂಬುದಕ್ಕೆ ಧ್ವನಿಮುದ್ರಿಕೆಯ ಸಾಕ್ಷ್ಯವಿರುವುದು ಸಾಧ್ಯವೇ ಇಲ್ಲ; ಅವರು ತೀರಿಕೊಂಡು ಹದಿಮೂರು ವರ್ಷಗಳ ನಂತರ ಗೌಹರ್ ಜಾನ್ ತುತ್ತೂರಿಯ ಮುಂದೆ ನಿಂತದ್ದು.

ಈ ಪದಗಳನ್ನು ಕರ್ನಾಟಕದ ಮನೆಮನೆಗೆ ತಲುಪಿಸಿದ ಶ್ರೇಯ ಸಿ. ಅಶ್ವತ್ಥ್ ಮತ್ತು ಶಿವಮೊಗ್ಗ ಸುಬ್ಬಣ್ಣ ಅವರಿಗೆ ಸಲ್ಲಬೇಕು. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ಸ್ವರ ಹಾಕಿದ ‘ನಿತ್ಯೋತ್ಸವ’ ಕನ್ನಡ ಸುಗಮ ಸಂಗೀತದ ಧ್ವನಿಸುರುಳಿ ಯುಗವನ್ನು ತೆರೆಯಿತು. ಆ ದಾರಿಯಲ್ಲೇ ಶರೀಫರ ಗೀತೆಗಳ ಸುರುಳಿಗಳು ಬಂದವು. 1990ರಲ್ಲಿ ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರ ಬಂತು: ಶರೀಫರಾಗಿ ಶ್ರೀಧರ್, ಗೋವಿಂದ ಭಟ್ಟರಾಗಿ ಗಿರೀಶ ಕಾರ್ನಾಡ್, ಸಂಗೀತ ಅಶ್ವತ್ಥರದೇ. ಹೋಟೆಲಿನ ಹಿರಿಯರು ಮೂಲವೆಂದು ಭಾವಿಸಿದ್ದು ಈ ದಾಟಿಯನ್ನು. ಅದೂ ಸ್ಟುಡಿಯೋದಲ್ಲಿ ಹುಟ್ಟಿದ್ದೇ. ಹಾರ್ಮೋನಿಯಂ, ತಬಲಾ, ಕೊಳಲು, ಪಿಟೀಲುಗಳ ಮೇಳ ಶಿಶುನಾಳದ ಭಜನೆಯಲ್ಲಿ ಇದ್ದಿರಲಾರದು. ಇಂದಿನವರಿಗೆ ಪರಂಪರೆಯಾಗಿ ಕೇಳಿಸುವ ಅಶ್ವತ್ಥರ ಏರುದನಿಯೂ ಒಂದು ಕಾಲಕ್ಕೆ ಹೊಸತೇ.

ರಘು ದೀಕ್ಷಿತ್ ಅಶ್ವತ್ಥರ ದಾಟಿಯನ್ನು ಹಿಡಿಯದೆ ಬೇರೆಯೇ ದಾಟಿ ಹಾಕಿದರು. ಕಾನೂನಿನ ದೃಷ್ಟಿಯಿಂದ ನೋಡಿದರೆ ಇದು ಮಹತ್ವದ ಸಂಗತಿ. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಕವಿ ತೀರಿಕೊಂಡ ಮೇಲೆ 60 ವರ್ಷಗಳವರೆಗೆ ಸಾಹಿತ್ಯದ ಹಕ್ಕು ವಾರಸುದಾರರದು. ಬಳಿಕ ಅದು ಎಲ್ಲರದು. ಹೀಗಾಗಿ ಶರೀಫರ ಸಾಹಿತ್ಯ ಯಾರೊಬ್ಬರ ಸ್ವತ್ತೂ ಅಲ್ಲ. ಸ್ವರಸಂಯೋಜನೆಯ ಹಕ್ಕು ಸಂಯೋಜಕನದು, 2009ರಲ್ಲಿ ನಿಧನರಾದ ಅಶ್ವತ್ಥರ ಸಂಯೋಜನೆಗಳಿಗೆ ಆ ರಕ್ಷಣೆ ಇನ್ನೂ ಇದೆ. ಮೂರನೆಯದು ಮುದ್ರಣದ ಹಕ್ಕು. ಅದು ಮುದ್ರಿಸಿದ ಸಂಸ್ಥೆಯದು, ಪ್ರಕಟವಾದಂದಿನಿಂದ 60 ವರ್ಷ. ಗೀತರಚನಕಾರರೂ ಸಂಯೋಜಕರೂ ತಮ್ಮ ಗೌರವಧನದ ಪಾಲನ್ನು ಕಂಪನಿಗೆ ಪೂರ್ತಿ ಬರೆದುಕೊಡುವಂತಿಲ್ಲ ಎಂಬ ತಿದ್ದುಪಡಿ ಬಂದದ್ದು 2012ರಲ್ಲಿ. ಅದಕ್ಕೆ ಮೊದಲು ಒಂದಿಷ್ಟು ಹಣ ಕೈಗಿಟ್ಟು ಎಲ್ಲ ಹಕ್ಕನ್ನೂ ಬರೆಸಿಕೊಳ್ಳುವುದೇ ಸಾಮಾನ್ಯ ರೂಢಿಯಾಗಿತ್ತು. “ಅದ್ ಅವ್ರ್ದ್, ಇದ್ ಇವ್ರ್ದ್” ಎಂದ ಹುಡುಗ ತಿಳಿಯದೆಯೇ ಕಾಯಿದೆಯ ಮಾತನ್ನೇ ಆಡಿದ್ದ.

ಆದರೆ ಹಿರಿಯರ ಪ್ರಶ್ನೆ ಕಾಯಿದೆಯದಲ್ಲ, ಅರ್ಥದ್ದು. ಅಲ್ಲಿ ಅವರ ಪಕ್ಷವನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾಗದು. ಉತ್ತರ ಕರ್ನಾಟಕದ ಮಾಳಿಗೆ ಮನೆಗೆ ಮಣ್ಣಿನ ಮಟ್ಟಸವಾದ ಮೇಲ್ಛಾವಣಿ. ಮಳೆಗಾಲಕ್ಕೆ ಮೊದಲು ಮೇಲೆ ಹೊಸ ಮಣ್ಣು ಹಾಕಿ ತುಳಿದು ಗಟ್ಟಿಮಾಡದಿದ್ದರೆ ನೀರು ಒಳಗಿಳಿಯುತ್ತದೆ, ತೊಲೆ ಕೊಳೆಯುತ್ತದೆ. ಮನೆಯೊಡೆಯ ಉದಾಸೀನನಾದರೆ ಮಾಳಿಗೆ ತಲೆಯ ಮೇಲೆಯೇ ಕುಸಿಯಬಹುದು. ಶರೀಫರು ಆ ಮನೆಯನ್ನು ದೇಹವಾಗಿ, ಸೋರುವುದನ್ನು ಅರಿವುಗೇಡಿನಿಂದ ಸವೆಯುವ ಆಯುಷ್ಯವಾಗಿ ಕಂಡರು. ಕರಾವಳಿಯ ನಮಗೆ ಈ ಚಿತ್ರ ಅರ್ಧವಷ್ಟೇ ದಕ್ಕುತ್ತದೆ. ನಮ್ಮದು ಇಳಿಜಾರಿನ ಹಂಚಿನ ಮಾಡು. ಬೆಕ್ಕೋ ಮಂಗವೋ ಓಡಾಡಿ ಹಂಚು ಜಾರಿದರೆ ಸೋರುತ್ತದೆ, ಕೆಳಗೊಂದು ಪಾತ್ರೆ ಇಟ್ಟರೆ ಆ ದಿನಕ್ಕೆ ಪರಿಹಾರ, ಮಳೆ ಬಿಟ್ಟ ಮೇಲೆ ಏಣಿ ಹತ್ತಿ ಹಂಚು ಸರಿಸಿದರೆ ಆಯಿತು. ಮಣ್ಣಿನ ಮಾಳಿಗೆಯ ಸೋರಿಕೆಯಲ್ಲಿರುವ ಭಯ ಹಂಚಿನ ಸೋರಿಕೆಯಲ್ಲಿಲ್ಲ. ಆ ಭಯ ಅಶ್ವತ್ಥರ ಹಾಡಿಕೆಯಲ್ಲಿ ಕೇಳಿಸುತ್ತದೆ. ರಘು ಅವರ ಹಾಡಿಕೆಯಲ್ಲೂ, ಅದರಲ್ಲೂ ದನಿ ತಗ್ಗಿದ ಎಡೆಗಳಲ್ಲಿ, ಕೇಳಿಸುತ್ತದೆಂಬುದು ನನ್ನ ಅಭಿಪ್ರಾಯ. ಗಿಟಾರು ಅದನ್ನು ಮುಚ್ಚಿಲ್ಲ.

‘ಗುಡುಗುಡಿ’ಯ ಬಗ್ಗೆ ನಾನು ಅಷ್ಟು ಧೈರ್ಯದಿಂದ ಹೇಳಲಾರೆ. ಗುಡುಗುಡಿ ಎಂದರೆ ಹುಕ್ಕಾ. ಒಳಗಿನ ಕೆಟ್ಟದ್ದನ್ನೆಲ್ಲ ಸುಟ್ಟು ಹೊಗೆಯಾಗಿಸುವ ಸಾಧನೆಗೆ ಶರೀಫರು ಹಿಡಿದ ರೂಪಕವದು. ಕುಣಿಸುವ ತಾಳದಲ್ಲಿ ಹಾಡಿದಾಗ, ಸಾವಿರ ಜನ ಯುವಕರು ಕೈಯೆತ್ತಿ ಜತೆಗೂಡಿದಾಗ, ಅದು ಸೇದುವವರ ಹಬ್ಬದ ಹಾಡಾಗಿ ಕೇಳಿಸುವ ಅಪಾಯ ಖಂಡಿತ ಇದೆ. ಹಾಗೆ ತಪ್ಪು ತಿಳಿದವರನ್ನು ನಾನೇ ಕಂಡಿದ್ದೇನೆ. ಗಾಯಕನಿಗೆ ಅರ್ಥ ಗೊತ್ತಿದ್ದರೆ ಸಾಲದು, ತಾಳಕ್ಕೂ ಗೊತ್ತಿರಬೇಕಾಗುತ್ತದೆ.

ಲಾಭದ ಕಡೆಯನ್ನೂ ಹೇಳದಿದ್ದರೆ ಅನ್ಯಾಯವಾದೀತು. 2010ರಲ್ಲಿ ಲಂಡನ್ನಿನ ಬಿಬಿಸಿಯಲ್ಲಿ ಜೂಲ್ಸ್ ಹಾಲೆಂಡ್ ನಡೆಸುವ ಪ್ರಸಿದ್ಧ ಸಂಗೀತ ಕಾರ್ಯಕ್ರಮದಲ್ಲಿ ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ರಘು ಹಾಡಿದರು. 2011ರಲ್ಲಿ ‘ಸಾಂಗ್‌ಲೈನ್ಸ್’ ಪತ್ರಿಕೆಯ ಶ್ರೇಷ್ಠ ಹೊಸ ಕಲಾವಿದ ಪ್ರಶಸ್ತಿ ಬಂತು. ಅದೇ ವರ್ಷ ಗ್ಲಾಸ್ಟನ್‌ಬರಿ ಉತ್ಸವ. ಇದಕ್ಕೆಲ್ಲ ಕಾರಣ ಬಹುಮಟ್ಟಿಗೆ ಒಂದೇ ಆಲ್ಬಂ. ಎರಡನೆಯ ‘ಜಗ್ ಚಂಗಾ’ ಬಂದದ್ದು 2013ರಲ್ಲಿ. ಇದಕ್ಕಿಂತ ದೊಡ್ಡ ಲಾಭ ಇಲ್ಲಿಯದು. ತತ್ವಪದವೆಂದರೆ ಆಕಾಶವಾಣಿಯ ಮುಂಜಾನೆಯ ಪ್ರಸಾರವೆಂದೇ ತಿಳಿದಿದ್ದ ತಲೆಮಾರೊಂದು ಶರೀಫರ ಹೆಸರನ್ನು ತಾನಾಗಿ ಹುಡುಕಿಕೊಂಡು ಹೋಯಿತು.

ನಮ್ಮ ಊರಿನ ಆಲ್ಬಂ ಎಲ್ಲಿ?

ಇಷ್ಟೆಲ್ಲ ಬರೆಯುವಾಗ ಮನಸ್ಸಿನಲ್ಲಿ ಉಳಿಯುವ ಪ್ರಶ್ನೆ ನಮ್ಮ ಸೀಮೆಯದು. ತೆಕ್ಕಟ್ಟೆಯಿಂದ ಬಸ್ರೂರು ದೂರವಿಲ್ಲ. ಅಲ್ಲಿಯ ರವಿ ಬಸ್ರೂರು 2014ರ ‘ಉಗ್ರಂ’ ಚಿತ್ರದಿಂದ ಗುರುತಿಸಿಕೊಂಡು, 2018ರ ‘ಕೆಜಿಎಫ್’ ಮೂಲಕ ದೇಶಕ್ಕೆಲ್ಲ ಕೇಳಿಸಿದರು. 2020ರ ಕೊರೊನಾ ದಿಗ್ಬಂಧನದಲ್ಲಿ ಊರಿಗೆ ಬಂದು ತಂದೆಯ ಕುಲುಮೆ ಕೆಲಸಕ್ಕೆ ಕೈಜೋಡಿಸಿದ ಅವರ ದೃಶ್ಯವನ್ನು ಬಹಳ ಮಂದಿ ನೋಡಿದ್ದಾರೆ. ಕುಂದಾಪ್ರ ಕನ್ನಡದಲ್ಲಿ ‘ಗರ್ಗರ್ ಮಂಡಲ’, ‘ಬಿಲಿಂಡರ್’ ಮುಂತಾದ ಚಿತ್ರಗಳನ್ನು ತಾವೇ ಮಾಡಿದ್ದಾರೆ. ತಂತ್ರಜ್ಞಾನವಾಗಲಿ, ಸ್ಟುಡಿಯೋ ಆಗಲಿ ಬೆಂಗಳೂರಿನದೇ ಸೊತ್ತೆಂಬ ಕಾಲ ಹೋಯಿತು. ಮನೆಯ ಕೋಣೆಯಲ್ಲಿ ಒಂದು ಕಂಪ್ಯೂಟರು, ಒಂದು ಒಳ್ಳೆಯ ಮೈಕ್ ಇದ್ದರೆ 1991ರಲ್ಲಿ ದೊಡ್ಡ ಸ್ಟುಡಿಯೋದಲ್ಲಿ ಮಾತ್ರ ಸಾಧ್ಯವಿದ್ದುದು ಇಂದು ಸಾಧ್ಯ.

ಆದರೂ ಕುಂದಾಪ್ರ ಕನ್ನಡದಲ್ಲಿ ಬರುತ್ತಿರುವುದು ಬಹುತೇಕ ಬಿಡಿ ಹಾಡುಗಳು. ಹಬ್ಬಕ್ಕೊಂದು, ಆಸಾಡಿ ಅಮಾಸಿಯ ವಿಶ್ವ ಕುಂದಾಪ್ರ ಕನ್ನಡ ದಿನಕ್ಕೊಂದು. ಯೂಟ್ಯೂಬಿನಲ್ಲಿ ನಾಲ್ಕು ದಿನ ಓಡಿ, ಐದನೆಯ ದಿನ ಇನ್ನೊಂದು. ಹೆಚ್ಚಿನವು ಊರನ್ನು ಹೊಗಳುತ್ತವೆ: ಕಡಲು, ಕೋಳಿಅಂಕ, ಕಂಬಳ, ಮೀನು. ಹೊಗಳಿಕೆ ತಪ್ಪೆಂದಲ್ಲ. ಆದರೆ ಮುಂಬಯಿ, ಬೆಂಗಳೂರುಗಳ ಹೋಟೆಲಿನಲ್ಲಿ ಪಾತ್ರೆ ತೊಳೆದು ಬೆಳೆದ ನಮ್ಮವರ ಕಥೆ, ಗದ್ದೆ ಹಡಿಲು ಬಿದ್ದ ಮನೆಯ ಕಥೆ, ಆರು ತಿಂಗಳು ರಾತ್ರಿಯಿಡೀ ಎದ್ದಿರುವ ಮೇಳದ ಕಲಾವಿದನ ಹೆಂಡತಿಯ ಕಥೆ ಒಂದು ಹಾಡಿನಲ್ಲಿ ಮುಗಿಯುವಂಥದಲ್ಲ. ಅದಕ್ಕೆ ಹತ್ತು ಹಾಡು ಬೇಕು, ಒಂದರ ನಂತರ ಒಂದು, ಮೆಲ್ಲಗಿನದು ಮೊದಲು, ಚಂಡೆ ಆಮೇಲೆ. ಏಥೆನ್ಸ್ ಎಂಬ ಸಣ್ಣ ಊರಿನ ನಾಲ್ವರು ಹುಡುಗರಿಗೆ ಇದ್ದುದು ಅಂಥ ದೊಡ್ಡ ಸೌಕರ್ಯವೇನಲ್ಲ. ತಮ್ಮ ಊರಿನ ಕಾಲೇಜು ಮಕ್ಕಳು ಕೇಳಿದರೆ ಸಾಕೆಂದು ಆರಂಭಿಸಿದರು.

ಹೋಟೆಲಿನ ಮಾತು ಹೇಗೆ ಮುಗಿಯಿತೆಂದು ಕೇಳುವ ಓದುಗರಿಗಾಗಿ: ಮಳೆ ಬಿಡುವ ಲಕ್ಷಣ ಕಾಣಲಿಲ್ಲ. ಹುಡುಗ ಮೊಬೈಲಿನಲ್ಲಿ ಅಶ್ವತ್ಥರ ಹಾಡನ್ನು ಹುಡುಕಿ ಹಾಕಿದ. ಹಿರಿಯರು ಮೇಜಿನ ಮೇಲೆ ಬೆರಳಿನಿಂದ ತಾಳ ಹಾಕುತ್ತಾ ಪೂರ್ತಿ ಕೇಳಿದರು. ಅದು ಮುಗಿದ ಮೇಲೆ ಅವರೇ, “ಈಗ ಆ ನಿನ್ನ ಲುಂಗಿಯವಂದ್ ಇನ್ನೊಂದ್ ಸಲ ಹಾಕ್ ಕಾಂಬ” ಎಂದರು. ಎರಡನೆಯ ಸಲ ಕೇಳುವಾಗ ಬೆರಳು ಆಡಿತೇ ಇಲ್ಲವೇ ಎಂದು ನಾನು ಗಮನಿಸುವಷ್ಟರಲ್ಲಿ ಕುಂದಾಪುರದ ಬಸ್ಸು ಬಂತು.